ಓಕ್ ಸಾಲಿನ ಸೌಧ: ಅದರ ಚರಿತ್ರೆಯೂ ಜೀರ್ಣೋದ್ಧಾರವೂ

ಹಳೆಯ ಕಟ್ಟಡಗಳನ್ನು ಕಾಪಾಡಬೇಕೆಂಬುದರಲ್ಲಿ ವಿವೇಕಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಕಟ್ಟಡವು ಒಬ್ಬರ ವೈಭವಕ್ಕೂ ಮತ್ತೊಬ್ಬರ ದಾಸ್ಯಕ್ಕೂ ಏಕಕಾಲದಲ್ಲಿ ಸಾಕ್ಷಿಯಾಗಿದ್ದರೆ, ಯಾವುದನ್ನು ಕಾಪಾಡಬೇಕು, ಯಾರಿಗಾಗಿ ಕಾಪಾಡಬೇಕು ಎಂಬ ಪ್ರಶ್ನೆಯು ಹುಟ್ಟದೆ ಇರದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಪ್ರಾಂತ್ಯಗಳಲ್ಲಿ ಇಂತಹ ಸೌಧಗಳು ಅನೇಕವಾಗಿವೆ. ಹತ್ತಿ, ಹೊಗೆಸೊಪ್ಪು, ಭತ್ತ, ಕಬ್ಬು ಇವುಗಳ ವಿಸ್ತಾರವಾದ ತೋಟಗಳ ನಡುವೆ ತೋಟದ ಒಡೆಯರು ಕಟ್ಟಿಸಿಕೊಂಡ ಈ ಮನೆಗಳಿಗೆ ಲ್ಯಾಟಿನ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ 'ಆಂಟೆಬೆಲ್ಲಂ', ಎಂದರೆ ಯುದ್ಧಕ್ಕೆ ಮುಂಚಿನವು, ಎಂದು ಹೆಸರಿಟ್ಟಿದ್ದಾರೆ. ಯುದ್ಧವೆಂದರೆ ೧೮೬೧ರಿಂದ ೧೮೬೫ರ ವರೆಗೆ ಉತ್ತರ ದಕ್ಷಿಣ ಪ್ರಾಂತ್ಯಗಳ ನಡುವೆ ನಡೆದ ಅಂತರ್ಯುದ್ಧ. ಹೆಸರಿನಲ್ಲಿ ಯುದ್ಧವಿದೆ, ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯ ಸೂಚನೆ ಮಾತ್ರ ಇಲ್ಲ. ಈ ಮನೆಗಳ ಚರಿತ್ರೆಯಲ್ಲಿಯೂ ಬಹುಕಾಲ ಹೀಗೆಯೇ ಆಯಿತು.

ಈ ಸೌಧಗಳ ಪೈಕಿ ಬಹು ಪ್ರಸಿದ್ಧವಾದವುಗಳಲ್ಲೊಂದು ಲೂಯಿಸಿಯಾನ ಪ್ರಾಂತ್ಯದ ಸೇಂಟ್ ಜೇಮ್ಸ್ ಎಂಬ ಜಿಲ್ಲೆಯಲ್ಲಿ, ವಶೆರಿ ಎಂಬ ಊರಿನ ಬಳಿ, ಮಿಸಿಸಿಪಿ ಮಹಾನದಿಯ ಪಶ್ಚಿಮ ದಡದಲ್ಲಿರುವುದು. ಅದರ ಹೆಸರು 'ಓಕ್ ಆಲೀ', ಅಂದರೆ ಓಕ್ ಮರಗಳ ಸಾಲುಬೀದಿ. ನದಿಯ ಕಡೆಯಿಂದ ಮನೆಯ ಬಾಗಿಲಿನ ವರೆಗೆ ಸುಮಾರು ೮೦೦ ಅಡಿಗಳ ಉದ್ದಕ್ಕೆ, ಪಕ್ಕಕ್ಕೆ ಹದಿನಾಲ್ಕರಂತೆ ಇಪ್ಪತ್ತೆಂಟು ನಿತ್ಯಹರಿತ ಓಕ್ ಮರಗಳು ನಿಂತು, ಕೊಂಬೆಗೆ ಕೊಂಬೆ ಹೆಣೆದುಕೊಂಡು ಚಪ್ಪರ ಹಾಕಿದಂತೆ ನೆರಳು ಕೊಡುತ್ತಿವೆ. ಈ ಮರಗಳು ಮನೆಗಿಂತ ಹಳೆಯವೆಂದೂ, ಹೆಸರು ತಿಳಿಯದ ಫ್ರೆಂಚ್ ವಲಸೆಗಾರನೊಬ್ಬನು ಅವನ್ನು ನೆಟ್ಟನೆಂದೂ ಪ್ರತೀತಿಯುಂಟು. ಮನೆಯನ್ನು ಕಟ್ಟಿಸಿದವನು ಅದಕ್ಕೆ 'ಬೋನ್ ಸೆಜೂರ್', ಎಂದರೆ ಸುಖವಾಸ, ಎಂಬ ಫ್ರೆಂಚ್ ಹೆಸರನ್ನಿಟ್ಟಿದ್ದನು. ಆದರೆ ಹೊಗೆಹಡಗುಗಳಲ್ಲಿ ನದಿಯ ಮೇಲೆ ಹೋಗಿಬರುತ್ತಿದ್ದ ಪ್ರಯಾಣಿಕರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಮರಗಳು. ಅವರು ಆಡಿದ ಹೆಸರೇ ನಿಂತಿತು.

ಈ ಮನೆಯು ಹೇಗೆ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ಸಕ್ಕರೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಕಬ್ಬಿನಿಂದ ಸಕ್ಕರೆ ಮಾಡುವ ವಿದ್ಯೆಯು ಭರತಖಂಡದ್ದು. ಸಂಸ್ಕೃತದ 'ಶರ್ಕರಾ' ಶಬ್ದವೇ ಪಾರಸಿಯಲ್ಲಿ 'ಶಕರ್' ಎಂದೂ, ಅರಬ್ಬಿಯಲ್ಲಿ 'ಸುಕ್ಕರ್' ಎಂದೂ, ಫ್ರೆಂಚಿನಲ್ಲಿ 'ಸುಕ್ರ್' ಎಂದೂ, ಇಂಗ್ಲಿಷಿನಲ್ಲಿ 'ಷುಗರ್' ಎಂದೂ ರೂಪಾಂತರಗಳನ್ನು ಹೊಂದಿತು. ಶಬ್ದವು ಸಂಚರಿಸಿದ ದಾರಿಯಲ್ಲಿಯೇ ಸಸ್ಯವೂ ಸಂಚರಿಸಿ, ಕೊನೆಗೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅಲ್ಲಿ ಈ ಬೆಳೆಯು ಆಫ್ರಿಕಾದಿಂದ ಹಿಡಿದು ತಂದ ಜನರ ದುಡಿಮೆಯ ಮೇಲೆ ನಿಂತಿತು. ಲೂಯಿಸಿಯಾನದ ಹವೆಯು ಕಬ್ಬಿಗೆ ಸಹಜವಾದುದಲ್ಲ. ಚಳಿಗಾಲದಲ್ಲಿ ಮಂಜು ಕೊರೆದು ಬೆಳೆಯು ನಾಶವಾಗುವ ಭಯವುಂಟು. ೧೭೯೫ರಲ್ಲಿ ಎಟಿಯೆನ್ ದ ಬೋರೆ ಎಂಬಾತನು ನ್ಯೂ ಆರ್ಲಿಯನ್ಸ್ ನಗರದ ಬಳಿಯ ತನ್ನ ತೋಟದಲ್ಲಿ ಲಾಭ ಬರುವಂತೆ ಹರಳು ಸಕ್ಕರೆಯನ್ನು ತೆಗೆದು ತೋರಿಸಿದ ಮೇಲೆ, ನದಿಯ ಎರಡು ದಡಗಳಲ್ಲಿಯೂ ಕಬ್ಬಿನ ತೋಟಗಳೂ ಆಲೆಮನೆಗಳೂ ಹಬ್ಬಿಕೊಂಡವು. ೧೮೦೩ರಲ್ಲಿ ಆ ಸೀಮೆಯು ಫ್ರಾನ್ಸಿನಿಂದ ಸಂಯುಕ್ತ ಸಂಸ್ಥಾನಗಳಿಗೆ ಕ್ರಯವಾಯಿತು.

ಮಂಜು ಬೀಳುವುದರೊಳಗಾಗಿ ಕಬ್ಬನ್ನು ಕಡಿದು, ಅರೆದು, ಕಾಯಿಸಿ ಮುಗಿಸಬೇಕಾದುದರಿಂದ ಸುಗ್ಗಿಯ ತಿಂಗಳುಗಳಲ್ಲಿ ಆಲೆಮನೆಗೆ ಹಗಲು ರಾತ್ರಿಗಳ ಭೇದವಿರಲಿಲ್ಲ. ಸಾಲಾಗಿಟ್ಟ ಕೊಪ್ಪರಿಗೆಗಳಲ್ಲಿ ಕುದಿಯುವ ಹಾಲನ್ನು ಒಂದರಿಂದ ಮತ್ತೊಂದಕ್ಕೆ ಉದ್ದ ಹಿಡಿಯ ಸೌಟಿನಿಂದ ಎತ್ತಿ ಹಾಕುವವರೂ, ಗಾಣಕ್ಕೆ ಕಬ್ಬು ಕೊಡುವವರೂ, ಸೌದೆ ಹೊರುವವರೂ ಎಲ್ಲರೂ ಗುಲಾಮರೇ. ನಿದ್ರೆಗೆಟ್ಟವರ ಕೈ ಗಾಣಕ್ಕೆ ಸಿಕ್ಕುವುದೂ, ಕುದಿಯುವ ಹಾಲು ಮೈಮೇಲೆ ಬೀಳುವುದೂ ಆ ಕಾಲದಲ್ಲಿ ಅಪರೂಪದ ಸಂಗತಿಗಳಾಗಿರಲಿಲ್ಲ. ವರ್ಜೀನಿಯಾ ಮೊದಲಾದ ಪ್ರಾಂತ್ಯಗಳಲ್ಲಿ ದಾಸ್ಯದಲ್ಲಿದ್ದವರಿಗೆ, ನದಿಯ ಕೆಳಕ್ಕೆ ಮಾರಲ್ಪಡುವುದೆಂದರೆ ಮರಣಕ್ಕೆ ಸಮಾನವಾದ ಭಯವಾಗಿದ್ದಿತು. ೧೮೧೧ರ ಜನವರಿಯಲ್ಲಿ ಇದೇ ನದೀತೀರದಲ್ಲಿ ಷಾರ್ಲ್ ದೆಲಾಂಡ್ ಎಂಬವನ ಮುಂದಾಳುತನದಲ್ಲಿ ಗುಲಾಮರು ದಂಗೆಯೆದ್ದು ನ್ಯೂ ಆರ್ಲಿಯನ್ಸಿನ ಕಡೆಗೆ ನಡೆದರು. ದಂಗೆಯು ಕೆಲವೇ ದಿನಗಳಲ್ಲಿ ಅಡಗಿಸಲ್ಪಟ್ಟು, ಹತರಾದವರ ತಲೆಗಳನ್ನು ನದಿಯ ಏರಿಯುದ್ದಕ್ಕೂ ಗಳುಗಳ ಮೇಲೆ ನಿಲ್ಲಿಸಿದರು. ೧೮೬೦ರ ಖಾನೇಷುಮಾರಿಯ ಪ್ರಕಾರ ಲೂಯಿಸಿಯಾನದ ೭,೦೮,೦೦೨ ಮಂದಿ ನಿವಾಸಿಗಳಲ್ಲಿ ೩,೩೧,೭೨೬ ಮಂದಿ ಗುಲಾಮರಾಗಿದ್ದರು. ನದಿಯ ದಡದ ಸೌಧಗಳ ಸೊಬಗಿಗೆ ತಳಹದಿಯು ಇದು.

ಆ ತೀರದ ಸಕ್ಕರೆಯ ದೊರೆಯೆಂದು ಹೆಸರಾಗಿದ್ದ ವಾಲ್ಕೂರ್ ಎಮ್ ಎಂಬ ಶ್ರೀಮಂತನು ೧೮೩೦ರಲ್ಲಿ ಈ ಭೂಮಿಯನ್ನು ಕೊಂಡು, ೧೮೩೬ರಲ್ಲಿ ತನ್ನ ಹೆಂಡತಿಯ ಸೋದರನಾದ ಜಾಕ್ ಟೆಲೆಸ್ಫೋರ್ ರೋಮಾನ್ ಎಂಬವನಿಗೆ ಅವನ ಬೇರೊಂದು ಜಮೀನಿಗೆ ಬದಲಾಗಿ ಬಿಟ್ಟುಕೊಟ್ಟನು. ರೋಮಾನನ ಮನೆತನವು ಸಾಮಾನ್ಯವಾದುದಲ್ಲ. ಅವನ ಸೋದರ ಆಂದ್ರೆ ರೋಮಾನನು ಎರಡು ಸಲ ಲೂಯಿಸಿಯಾನದ ಗವರ್ನರಾಗಿದ್ದನು. ೧೮೩೭ರಲ್ಲಿ ಪ್ರಾರಂಭವಾದ ಮನೆಯ ಕೆಲಸವು ೧೮೩೯ರಲ್ಲಿ ಮುಗಿಯಿತು. ನಕ್ಷೆಯನ್ನು ರೋಮಾನನ ಮಾವನಾದ ಝಿಲ್ಬೆರ್ ಜೋಸೆಫ್ ಪಿಲಿಯೇ ಎಂಬವನು ಹಾಕಿರಬಹುದೆಂದು ಊಹೆ. ಕಟ್ಟಿದವರು ಮಾತ್ರ ಊಹೆಯ ವಿಷಯವಲ್ಲ. ಅವರು ತೋಟದ ಗುಲಾಮರು.

ಮನೆಯ ವಿನ್ಯಾಸವು ಚೌಕ. ಪುರಾತನ ಗ್ರೀಕರ ದೇವಾಲಯಗಳ ಮಾದರಿಯನ್ನು ಅನುಸರಿಸಿದ ಡೋರಿಕ್ ಶೈಲಿಯ ಕಂಬಗಳು ನಾಲ್ಕು ಕಡೆಗಳಲ್ಲಿಯೂ ನಿಂತಿವೆ. ಕಂಬಗಳ ಸಂಖ್ಯೆಯೂ ಇಪ್ಪತ್ತೆಂಟೇ. ಕೆಳ ಅಂತಸ್ತಿನಲ್ಲಿಯೂ ಉಪ್ಪರಿಗೆಯಲ್ಲಿಯೂ ಮುಂಬಾಗಿಲಿನಿಂದ ಹಿಂಬಾಗಿಲಿನ ವರೆಗೆ ನಡುವೆ ಒಂದೊಂದು ನಡುಮನೆಯಿದ್ದು ಅದರ ಇಬ್ಬದಿಗಳಲ್ಲಿ ಕೋಣೆಗಳಿವೆ. ಇಟ್ಟಿಗೆಯ ಗೋಡೆಗಳು ೧೬ ಅಂಗುಲ ದಪ್ಪ. ಹೊರಮೈಗೆ ಗಾರೆ ಬಳಿದು ಅಮೃತಶಿಲೆಯಂತೆ ಕಾಣುವ ಹಾಗೆ ಬಿಳಿಯ ಬಣ್ಣ ಕೊಟ್ಟಿದ್ದರು. ಸುತ್ತಲಿನ ಅಗಲವಾದ ಪಡಸಾಲೆಯು ಶೋಭೆಗಾಗಿ ಮಾತ್ರ ಮಾಡಿದ್ದಲ್ಲ. ಬೇಸಿಗೆಯ ಬಿಸಿಲು ಗೋಡೆಗೆ ತಾಗದಂತೆ ತಡೆಯುವುದೂ, ನದಿಯ ಗಾಳಿಯು ಎತ್ತರವಾದ ಕಿಟಕಿಗಳ ಮೂಲಕ ಒಳಹೊಕ್ಕು ನಡುಮನೆಯಲ್ಲಿ ಹಾದುಹೋಗುವಂತೆ ಮಾಡುವುದೂ ಅದರ ಪ್ರಯೋಜನ. ಗ್ರೀಸಿನ ರೂಪವನ್ನು ಉಷ್ಣಪ್ರದೇಶದ ಅಗತ್ಯಕ್ಕೆ ಹೊಂದಿಸಿದ ಈ ಜಾಣ್ಮೆಯನ್ನು ಮೆಚ್ಚಲೇಬೇಕು. ಈ ಸೌಧದ ಮುಂದೆ ನಿಂತವನಿಗೆ ಆನಂದವಾಗುವುದು ಸುಳ್ಳಲ್ಲ.

ಈ ತೋಟದ ಚರಿತ್ರೆಯಲ್ಲಿ ಒಡೆಯನಿಗಿಂತಲೂ ಸ್ಮರಣೀಯನಾದ ಪುರುಷನೊಬ್ಬನುಂಟು. ಅವನ ಹೆಸರು ಆಂತ್ವಾನ್. ಮನೆತನದ ಹೆಸರಿಲ್ಲ, ಚಿತ್ರವಿಲ್ಲ, ಸಮಾಧಿಯ ಗುರುತಿಲ್ಲ. ಅವನು ತೋಟಗಾರಿಕೆಯ ಕೆಲಸದಲ್ಲಿದ್ದ ಗುಲಾಮ. ಪೀಕನ್ ಎಂಬುದು ಅಮೆರಿಕಾದಲ್ಲಿಯೇ ಹುಟ್ಟಿದ, ಎಣ್ಣೆಯಂಶವುಳ್ಳ ರುಚಿಯಾದ ಬೀಜವನ್ನು ಬಿಡುವ ಮರ. ಬೀಜ ಬಿತ್ತಿ ಬೆಳೆಸಿದ ಗಿಡವು ತಾಯಿಮರದ ಗುಣವನ್ನು ಹಾಗೆಯೇ ತರುವುದಿಲ್ಲವಾದುದರಿಂದ, ತೆಳು ಚಿಪ್ಪಿನ ಒಳ್ಳೆಯ ಕಾಯಿ ಬಿಡುವ ಮರವೊಂದು ದೊರೆತರೂ ಅದರ ಜಾತಿಯನ್ನು ಹೆಚ್ಚಿಸುವ ಉಪಾಯ ತೋರುತ್ತಿರಲಿಲ್ಲ. ಕೊಲೊಂಬ್ ಎಂಬ ವೈದ್ಯನು ತಾನು ಪ್ರಯತ್ನಿಸಿ ಸೋತ ಮೇಲೆ, ಅಂತಹ ಒಂದು ಮರದ ಕಡ್ಡಿಗಳನ್ನು ರೋಮಾನನ ತೋಟಕ್ಕೆ ತಂದುಕೊಟ್ಟನು. ೧೮೪೬-೪೭ರ ಚಳಿಗಾಲದಲ್ಲಿ ಆಂತ್ವಾನನು ಆ ಕಡ್ಡಿಗಳನ್ನು ಹದಿನಾರು ಮರಗಳಿಗೆ ಕಸಿ ಕಟ್ಟಿ ಗೆದ್ದನು. ತರುವಾಯ ನೂರಕ್ಕೂ ಮೇಲ್ಪಟ್ಟ ಮರಗಳು ಆ ತೋಟದಲ್ಲಿ ಸಿದ್ಧವಾದವು. ೧೮೭೬ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಅಮೆರಿಕಾದ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನವು ನಡೆದಾಗ, ಈ ಜಾತಿಯ ಕಾಯಿಗಳನ್ನು ಬೊನ್ಜಾನೋ ಎಂಬ ಇನ್ನೊಬ್ಬ ತೋಟದ ಒಡೆಯನು ಕೊಂಡೊಯ್ದು ಬಹುಮಾನ ಪಡೆದನು. ಅದರಿಂದ ಅದಕ್ಕೆ 'ಸೆಂಟೆನಿಯಲ್' ಎಂಬ ಹೆಸರಾಯಿತು. ಕಸಿಯ ಮೂಲಕ ಬೆಳೆಸಿ ಹೆಸರಿಟ್ಟ ಮೊದಲನೆಯ ಪೀಕನ್ ಜಾತಿಯಿದು. ಇಂದು ಆ ದೇಶದಲ್ಲಿ ನಡೆಯುವ ಪೀಕನ್ ಬೇಸಾಯಕ್ಕೆಲ್ಲ ಈ ಕಸಿಯೇ ನಾಂದಿ. ಬಹುಮಾನದ ಹೆಸರಿನಲ್ಲಿ ಆಂತ್ವಾನನಿಗೆ ಪಾಲಿರಲಿಲ್ಲ.

ಇಷ್ಟಾದರೂ ಅವನ ಹೆಸರು ಹೇಗೆ ಉಳಿಯಿತೆಂಬುದು ವಿಚಾರಾರ್ಹವಾಗಿದೆ. ೧೮೪೮ರಲ್ಲಿ ರೋಮಾನನು ಕ್ಷಯರೋಗದಿಂದ ತೀರಿಕೊಂಡಾಗ, ಅವನ ಆಸ್ತಿಯ ಪಟ್ಟಿಯನ್ನು ಮಾಡಿದರು. ಆ ಪಟ್ಟಿಯಲ್ಲಿ ಪಾತ್ರೆ ಪೀಠೋಪಕರಣ ದನಕರುಗಳೊಡನೆ ಮನುಷ್ಯರೂ ಸೇರಿದ್ದರು. ಅವರಲ್ಲಿ ಆಂತ್ವಾನ್, ವಯಸ್ಸು ೩೮, ತೋಟಗಾರ, ಪೀಕನ್ ಮರಗಳ ಕಸಿಯಲ್ಲಿ ನಿಪುಣ, ಬೆಲೆ ೧,೦೦೦ ಡಾಲರ್ ಎಂಬ ಅರ್ಥದ ದಾಖಲೆಯಿದೆ. ಅವನ ನೈಪುಣ್ಯವನ್ನು ಬರೆದಿಟ್ಟದ್ದು ಅವನ ಮೇಲಣ ಗೌರವದಿಂದಲ್ಲ, ಬೆಲೆಯನ್ನು ಸಮರ್ಥಿಸುವುದಕ್ಕಾಗಿ. ಕ್ರಯಪತ್ರಗಳು, ಅಡಮಾನಗಳು, ಉಯಿಲುಗಳು ಇವೇ ಇಂದು ಆ ಜನರ ಚರಿತ್ರೆಗೆ ಮುಖ್ಯವಾದ ಆಧಾರಗಳಾಗಿವೆ. ಮನುಷ್ಯನನ್ನು ವಸ್ತುವನ್ನಾಗಿ ಎಣಿಸಿದ ಕಾಗದವೇ ಅವನು ಮನುಷ್ಯನಾಗಿದ್ದನೆಂಬುದಕ್ಕೆ ಉಳಿದಿರುವ ಸಾಕ್ಷಿಯಾಯಿತು.

ರೋಮಾನನ ಮರಣಾನಂತರ ಅವನ ಪತ್ನಿ ಸೆಲೀನಳು ತೋಟವನ್ನು ನಡೆಯಿಸಿದಳು. ಆದರೆ ಆದಾಯಕ್ಕೆ ಮೀರಿದ ವೆಚ್ಚದಿಂದ ಸಾಲವು ಬೆಳೆಯಿತು. ೧೮೫೯ರಲ್ಲಿ ಮಗನಾದ ಆನ್ರಿಯು ಆಡಳಿತವನ್ನು ವಹಿಸಿಕೊಂಡನು. ಎರಡೇ ವರ್ಷಗಳಲ್ಲಿ ಯುದ್ಧವು ಪ್ರಾಪ್ತವಾಯಿತು. ಮನೆಗೆ ಗುಂಡು ತಾಗಲಿಲ್ಲ, ಬೆಂಕಿ ಬೀಳಲಿಲ್ಲ. ೧೮೬೩ರ ಜನವರಿ ೧ರಂದು ಅಧ್ಯಕ್ಷ ಲಿಂಕನ್ನನು ಹೊರಡಿಸಿದ ಪ್ರಸಿದ್ಧವಾದ ವಿಮೋಚನಾ ಘೋಷಣೆಯು ಸಹ, ಉತ್ತರದ ಸೈನ್ಯದ ವಶದಲ್ಲಿದ್ದ ಲೂಯಿಸಿಯಾನದ ಕೆಲವು ಜಿಲ್ಲೆಗಳನ್ನು ಹೊರತುಪಡಿಸಿತ್ತು. ಅವುಗಳಲ್ಲಿ ಸೇಂಟ್ ಜೇಮ್ಸ್ ಜಿಲ್ಲೆಯೂ ಒಂದು. ಆದುದರಿಂದ ಈ ತೋಟದವರಿಗೆ ನ್ಯಾಯದ ಪ್ರಕಾರ ಬಿಡುಗಡೆಯು ಬಂದುದು ೧೮೬೪ರ ಪ್ರಾಂತೀಯ ಸಂವಿಧಾನದ ಮೂಲಕ. ಕೂಲಿಯಿಲ್ಲದ ದುಡಿಮೆಯು ನಿಂತೊಡನೆ ತೋಟದ ಲೆಕ್ಕವು ತಲೆಕೆಳಗಾಯಿತು. ೧೮೬೬ರಲ್ಲಿ ಮನೆಯೂ ತೋಟವೂ ಹರಾಜಿಗೆ ಬಂದು ಜಾನ್ ಆರ್ಮ್‌ಸ್ಟ್ರಾಂಗ್ ಎಂಬವನಿಗೆ ೩೨,೮೦೦ ಡಾಲರಿಗೆ ಹೋಯಿತು. ಆ ಹರಾಜಿನ ಮೊತ್ತದ ಪಕ್ಕದಲ್ಲಿ ಹಿಂದಿನ ಪಟ್ಟಿಯ ಒಬ್ಬ ಆಂತ್ವಾನನ ಬೆಲೆಯನ್ನಿಟ್ಟು ನೋಡಿದರೆ, ಆ ತೋಟದ ಐಶ್ವರ್ಯವೆಲ್ಲ ಎಲ್ಲಿದ್ದಿತೆಂಬುದು ತಾನಾಗಿಯೇ ತಿಳಿಯುವುದು.

ಅನಂತರದ ಒಡೆಯರು ಅನೇಕರು. ಅವರಲ್ಲಿ ಯಾರಿಗೂ ಇಷ್ಟು ದೊಡ್ಡ ಕಟ್ಟಡವನ್ನು ನೆಟ್ಟಗಿಡುವಷ್ಟು ಶಕ್ತಿಯು ಬಹುಕಾಲ ಇರಲಿಲ್ಲ. ಕಬ್ಬಿಗೆ ನೆಲ ಬೇಕೆಂದು ಆಂತ್ವಾನನ ಪೀಕನ್ ಮರಗಳನ್ನು ಕಡಿದುಹಾಕಿದರು. ಗುಲಾಮರ ಗುಡಿಸಲುಗಳೂ ಕಾಲಕ್ರಮದಲ್ಲಿ ಅಳಿದುಹೋದವು. ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಕಬ್ಬಿಗೆ ಮೊಸಾಯಿಕ್ ಎಂಬ ರೋಗವು ಬಂದು ಲೂಯಿಸಿಯಾನದ ಬೇಸಾಯವೇ ಕುಸಿಯಿತು. ಆ ರೋಗವನ್ನು ತಡೆದುಕೊಳ್ಳುವ ತಳಿಗಳಿಗಾಗಿ ಅಲ್ಲಿನವರು ಜಾವಾ ದ್ವೀಪದ ಕಡೆಗೂ ಭಾರತದ ಕಡೆಗೂ ನೋಡಬೇಕಾಯಿತು. ಕೊಯಮತ್ತೂರಿನಲ್ಲಿ ೧೯೧೨ರಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಸಂಶೋಧನ ಕೇಂದ್ರದಲ್ಲಿ ಹುಟ್ಟಿದ 'ಕೋ ೨೮೧', 'ಕೋ ೨೯೦' ಎಂಬ ಕಬ್ಬುಗಳು ೧೯೩೦ರ ದಶಕದಲ್ಲಿ ಲೂಯಿಸಿಯಾನದ ಹೊಲಗಳಲ್ಲಿ ಬೆಳೆದವು. ಶರ್ಕರೆಯನ್ನು ಮೊದಲು ಕೊಟ್ಟ ದೇಶವೇ ಸಾವಿರಾರು ವರ್ಷಗಳ ಮೇಲೆ ಮತ್ತೊಮ್ಮೆ ಕಬ್ಬನ್ನು ಕೊಟ್ಟಂತಾಯಿತು.

ಈ ನಡುವೆ ೧೯೨೫ರಲ್ಲಿ ಆಂಡ್ರ್ಯೂ ಸ್ಟೂವರ್ಟ್ ಎಂಬವರು ಪಾಳುಬೀಳುತ್ತಿದ್ದ ಮನೆಯನ್ನು ಕೊಂಡು ತಮ್ಮ ಪತ್ನಿ ಜೋಸೆಫೀನರಿಗೆ ಉಡುಗೊರೆಯಾಗಿ ಕೊಟ್ಟರು. ನ್ಯೂ ಆರ್ಲಿಯನ್ಸಿನ ವಾಸ್ತುಶಿಲ್ಪಿ ರಿಚರ್ಡ್ ಕೋಕರ ಮೇಲ್ವಿಚಾರಣೆಯಲ್ಲಿ ಜೀರ್ಣೋದ್ಧಾರವು ನಡೆಯಿತು. ಮುಂದೆ ೧೯೩೩ರಲ್ಲಿ ಸಂಯುಕ್ತ ಸಂಸ್ಥಾನಗಳ ಸರಕಾರವು ಐತಿಹಾಸಿಕ ಕಟ್ಟಡಗಳ ನಕ್ಷೆ ತೆಗೆಯುವ ಕಾರ್ಯವನ್ನು ಆರಂಭಿಸಿದಾಗ ಲೂಯಿಸಿಯಾನದ ಹೊಣೆಯನ್ನು ಹೊತ್ತವರೂ ಈ ಕೋಕರೇ. ನದೀತೀರದ ಸೌಧಗಳಲ್ಲಿ ಜೀರ್ಣೋದ್ಧಾರವಾದ ಮೊದಮೊದಲಿನವುಗಳಲ್ಲಿ ಇದೊಂದು. ಸ್ಟೂವರ್ಟ್ ದಂಪತಿಗಳು ಅಲ್ಲಿ ದನಗಳನ್ನು ಸಾಕಿಕೊಂಡು ವಾಸಮಾಡಿದರು. ಜೋಸೆಫೀನರು ೧೯೭೨ರಲ್ಲಿ ಸ್ವರ್ಗಸ್ಥರಾಗುವಾಗ ಮನೆಯನ್ನೂ ಅಂಗಳವನ್ನೂ ಒಂದು ಧರ್ಮನಿಧಿಗೆ ಒಪ್ಪಿಸಿ, ಸರ್ವಜನರಿಗೂ ತೆರೆದಿರುವಂತೆ ಏರ್ಪಡಿಸಿದರು. ೧೯೭೪ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾಯಿತು. ಆ ಗೌರವಕ್ಕೆ ಕೊಟ್ಟ ಕಾರಣಗಳಲ್ಲಿ ಮನೆಯ ಶಿಲ್ಪದ ಜೊತೆಗೆ ಪೀಕನ್ ಕಸಿಯೂ ಸೇರಿದ್ದಿತೆಂಬುದು ಗಮನಾರ್ಹ.

ಆದರೂ ದಶಕಗಳ ಕಾಲ ಇಂತಹ ಮನೆಗಳಿಗೆ ಬರುವ ಪ್ರೇಕ್ಷಕರಿಗೆ ತೋರಿಸುತ್ತಿದ್ದುದು ಮಂಚ, ಕನ್ನಡಿ, ಬೆಳ್ಳಿಯ ಪಾತ್ರೆ, ಮನೆಯೊಡತಿಯ ಉಡುಪು ಇವುಗಳನ್ನೇ. ದುಡಿದವರ ಮಾತು ಬಂದರೆ 'ಸೇವಕರು' ಎಂಬ ನಯವಾದ ಶಬ್ದದಲ್ಲಿ ಮುಚ್ಚಿಹೋಗುತ್ತಿದ್ದಿತು. ೧೯೩೯ರ 'ಗಾನ್ ವಿತ್ ದಿ ವಿಂಡ್' ಎಂಬ ಚಲಚ್ಚಿತ್ರವು ತೋರಿಸಿದ ರಮ್ಯವಾದ ದಕ್ಷಿಣವನ್ನೇ ಜನರು ಹುಡುಕಿಕೊಂಡು ಬರುತ್ತಿದ್ದರು. ಈ ಕ್ರಮವು ಬದಲಾದುದು ಇತ್ತೀಚೆಗೆ. ನೆರೆಯ ಜಿಲ್ಲೆಯ ವಾಲೇಸ್ ಎಂಬಲ್ಲಿರುವ 'ವಿಟ್ನಿ' ತೋಟವನ್ನು ಜಾನ್ ಕಮಿಂಗ್ಸ್ ಎಂಬ ನ್ಯಾಯವಾದಿಯು ಕೊಂಡು, ಸೆನೆಗಾಲ್ ದೇಶದ ಇತಿಹಾಸಕಾರ ಇಬ್ರಾಹಿಮಾ ಸೆಕ್ಕರ ಸಂಶೋಧನೆಯ ನೆರವಿನಿಂದ, ೨೦೧೪ರ ಡಿಸೆಂಬರಿನಲ್ಲಿ ಗುಲಾಮರ ಬಾಳನ್ನೇ ಮುಖ್ಯವಾಗಿ ತೋರಿಸುವ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ಅಲ್ಲಿ ಒಡೆಯನ ಮನೆಯನ್ನು ಹೊಗುವುದಕ್ಕೆ ಮೊದಲು ಹೆಸರುಗಳನ್ನು ಕೆತ್ತಿದ ಶಿಲಾಫಲಕಗಳನ್ನು ಹಾದು ಹೋಗಬೇಕು. ಓಕ್ ಆಲೀಯಲ್ಲಿಯೂ ಅಳಿದುಹೋಗಿದ್ದ ಗುಡಿಸಲುಗಳನ್ನು ಪುನಃ ಕಟ್ಟಿ, ದಾಖಲೆಗಳಲ್ಲಿ ದೊರೆತ ಗುಲಾಮರ ಹೆಸರುಗಳನ್ನು ಗೋಡೆಯ ಮೇಲೆ ಬರೆದಿದ್ದಾರೆ.

ಈ ಬದಲಾವಣೆಯನ್ನು ಎಲ್ಲರೂ ಒಪ್ಪಿದರೆಂದು ಹೇಳುವಂತಿಲ್ಲ. ಸೊಬಗನ್ನು ನೋಡಲು ಬಂದವರಿಗೆ ನೋವಿನ ಕಥೆಯೇಕೆ ಎನ್ನುವವರಿದ್ದಾರೆ. ನೋವಿನ ನೆಲದಲ್ಲಿ ಮದುವೆ ಔತಣಗಳನ್ನು ನಡೆಯಿಸುವುದು ಸಲ್ಲದೆನ್ನುವವರೂ ಇದ್ದಾರೆ. ಇನ್ನೂ ಮುಂದೆ ಹೋಗಿ, ಇಂತಹ ಮನೆಗಳು ಇರುವುದಕ್ಕಿಂತ ಅಳಿಯುವುದೇ ಮೇಲೆನ್ನುವವರೂ ಉಂಟು. ೧೮೫೯ರಲ್ಲಿ ಪೂರ್ಣವಾಗಿ, ದಕ್ಷಿಣದಲ್ಲಿ ಉಳಿದವುಗಳಲ್ಲೆಲ್ಲ ದೊಡ್ಡದೆನಿಸಿದ್ದ ನಾಟೊವೇ ಸೌಧವು ೨೦೨೫ರ ಮೇ ೧೫ರಂದು ಬೆಂಕಿಗೆ ಆಹುತಿಯಾದಾಗ, ಮರುಗಿದವರಿದ್ದಂತೆ ಹರ್ಷಿಸಿದವರೂ ಇದ್ದರು. ಆ ಹರ್ಷದ ಹಿಂದಿರುವ ಕೊರಗನ್ನು ಅರಿಯದೆ ಅದನ್ನು ಹಳಿಯುವುದು ನ್ಯಾಯವಲ್ಲ. ತನ್ನ ಪೂರ್ವಿಕರನ್ನು ಸೆರೆಯಲ್ಲಿಟ್ಟ ಮನೆಯು ವಿಹಾರಸ್ಥಾನವಾಗಿರುವುದನ್ನು ಕಂಡವನ ಮನಸ್ಸು ಹಾಗೆ ಆಗುವುದು ಸಹಜ.

ಆದರೂ ವಿಚಾರಮಾಡಿದರೆ ಬೆಂಕಿಯು ನ್ಯಾಯಾಧೀಶನಲ್ಲ. ಅದು ಒಡೆಯನ ಡಂಭವನ್ನು ಸುಡುವುದರೊಡನೆ, ಇಟ್ಟಿಗೆ ಸುಟ್ಟವನ, ಮರ ಕೊಯ್ದವನ, ಗಾರೆ ಬಳಿದವನ ಕೈಕೆಲಸವನ್ನೂ ಸುಡುವುದು. ಕಂಬಗಳು ರೋಮಾನನ ಹಣದವಾದರೂ ಅವುಗಳ ನೇರವು ಕಟ್ಟಿದವರದು. ಗುಡಿಸಲುಗಳನ್ನು ಕಾಲವು ಉಳಿಸಲಿಲ್ಲ. ಪೀಕನ್ ಮರಗಳನ್ನು ಕಬ್ಬು ಉಳಿಸಲಿಲ್ಲ. ಆ ನೂರಾರು ಮಂದಿ ಮಾಡಿದ್ದರಲ್ಲಿ ಕಣ್ಣಿಗೆ ಕಾಣುವಂತೆ ಉಳಿದಿರುವುದು ಒಡೆಯನ ಮನೆಯೊಂದೇ. ಅದನ್ನೂ ಕಳೆದುಕೊಂಡರೆ ಒಡೆಯರ ವಂಶಾವಳಿಯು ಪುಸ್ತಕಗಳಲ್ಲಿ ಉಳಿಯುವುದು. ಕೆಲಸಗಾರರ ಗುರುತು ಮಾತ್ರ ಅಳಿಯುವುದು.

ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಮೇಲಕ್ಕೆತ್ತುವುದು. ಗೋಡೆ ಕಂಬಗಳು ಶಿಥಿಲವಾಗುವಂತೆ ಜ್ಞಾಪಕವೂ ಶಿಥಿಲವಾಗುವುದುಂಟು. ೧೯೨೫ರಲ್ಲಿ ಮಾಡಿದುದು ಮೊದಲನೆಯದರ ಉದ್ಧಾರ. ಅದು ಆಗದಿದ್ದರೆ ಎರಡನೆಯದಕ್ಕೆ ನೆಲೆಯೇ ಇರುತ್ತಿರಲಿಲ್ಲವಾದುದರಿಂದ ಸ್ಟೂವರ್ಟ್ ದಂಪತಿಗಳ ಉಪಕಾರವು ದೊಡ್ಡದು. ಎರಡನೆಯ ಕೆಲಸಕ್ಕೆ ವಾಸ್ತುಶಿಲ್ಪಿಯು ಸಾಲದು. ಹಳೆಯ ಕಾಗದಗಳನ್ನು ಓದಿ, ಬೆಲೆಯ ಪಕ್ಕದಲ್ಲಿರುವ ಹೆಸರನ್ನು ಬೆಲೆಯಿಂದ ಬಿಡಿಸಿ ಹೇಳುವವರು ಬೇಕು. ಆ ಕೆಲಸವು ಈಗ ನಡೆಯುತ್ತಿದೆ. ಓಕ್ ಮರಗಳ ನೆರಳಿನಲ್ಲಿ ಮನೆಯ ಕಡೆಗೆ ನಡೆದುಹೋಗುವ ಪ್ರೇಕ್ಷಕನು ರೋಮಾನನ ಹೆಸರಿನೊಡನೆ ಆಂತ್ವಾನನ ಹೆಸರನ್ನೂ ಕೇಳಿ ಹಿಂದಿರುಗುವನಾದರೆ, ಆ ಸೌಧವನ್ನು ಉಳಿಸಿದ್ದು ಸಾರ್ಥಕವೆನ್ನಬಹುದು.